ಹಳೇ ಕಾರಿಗೆ ಥರ್ಡ್ ಪಾರ್ಟಿ ಒಂದೇ ಸಾಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಹಾಸನ
ನಮ್ಮದು 1200 ಸಿಸಿಯ ಹಳೇ ಸ್ವಿಫ್ಟ್. ಇನ್ಶೂರೆನ್ಸ್ ಈ ತಿಂಗಳ ಕೊನೆಗೆ ಮುಗಿಯುತ್ತೆ. ಏಜೆಂಟರು "ಈ ಗಾಡಿಗೆ ಫುಲ್ ಯಾಕೆ ಸಾರ್, ಥರ್ಡ್ ಪಾರ್ಟಿ ಸಾಕು" ಅಂತಾರೆ. ಗಾಡಿ ಹೋದರೆ ಹೋಗಲಿ, ನನ್ನ ಭಯ ಬೇರೆ. ಯಾರಿಗಾದರೂ ಗುದ್ದಿ, ಕೋರ್ಟು ಅರ್ಧ ಕೋಟಿ ಕೊಡು ಅಂದರೆ ಮನೆ, ಊರಲ್ಲಿರುವ ಎರಡೆಕರೆ ಉಳಿಯುತ್ತಾ? ಎಷ್ಟು ಲಕ್ಷದ ಕವರ್ ತಗೋಬೇಕು? ಮನೆಯವರನ್ನೆಲ್ಲ ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗೋದು ಆಗಾಗ ಇದ್ದದ್ದೇ.

ಹಾಸನ, ಬಿ.ಎಂ. ರಸ್ತೆ
ಎಷ್ಟು ಲಕ್ಷ ಅಂತ ಆರಿಸೋದು ಅಮೆರಿಕದಲ್ಲಿ. ನಮ್ಮಲ್ಲಿ ಎದುರಿನವರ ಸಾವು, ಗಾಯಕ್ಕೆ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಮಿತಿಯೇ ಇಲ್ಲ, ಟ್ರಿಬ್ಯೂನಲ್ (ಅಪಘಾತದ ಪರಿಹಾರ ತೀರ್ಮಾನಿಸೋ ಕೋರ್ಟು) ಎಷ್ಟು ಹೇಳಿದರೂ ಕಂಪನಿ ಕಟ್ಟಬೇಕು. ನಿಮ್ಮ ಗಾಡಿಗೆ 2022ರ ಜೂನ್‌ನಲ್ಲಿ ನಿಗದಿಯಾದ ದರ 3,416 ರೂಪಾಯಿ, ತೆರಿಗೆ ಬೇರೆ. ಇದು ಸರ್ಕಾರದ ದರ, ಯಾವ ಕಂಪನಿಗೆ ಹೋದರೂ ಅಷ್ಟೇ.

ಆದರೆ ಅರ್ಧ ಕೋಟಿ ಅಂದಿರಲ್ಲ, ಅದು ಉತ್ಪ್ರೇಕ್ಷೆ ಅಲ್ಲ. ನಮ್ಮ ಸಂಬಂಧಿಕರ ಕೇಸಿಗೆ ಓಡಾಡಿದಾಗ ವಕೀಲರು ಚೀಟಿ ಮೇಲೆ ಲೆಕ್ಕ ಹಾಕಿ ತೋರಿಸಿದರು. ಮೂವತ್ತು ವರ್ಷದವನು, ಕಾಯಂ ಕೆಲಸ, ತಿಂಗಳಿಗೆ 40,000 ಸಂಬಳ ಅಂತಿಟ್ಟುಕೊಳ್ಳಿ. ಮುಂದೆ ಸಂಬಳ ಏರುತ್ತಿತ್ತು ಅಂತ ಅರ್ಧ ಸೇರಿಸಿ 60,000 ಮಾಡ್ತಾರೆ. ವರ್ಷಕ್ಕೆ 7.2 ಲಕ್ಷ ಆಯ್ತು. ಅವನನ್ನೇ ನಂಬಿದವರು ನಾಲ್ಕು ಜನ ಇದ್ದರೆ ಅವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೀತಾರೆ, ಉಳಿದದ್ದು 5.4 ಲಕ್ಷ. ಆ ವಯಸ್ಸಿಗೆ ಅದನ್ನ 17ರಿಂದ ಗುಣಿಸಬೇಕು. 91.8 ಲಕ್ಷ! ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ ತೀರ್ಪುಗಳಿಂದ ಬಂದ ಲೆಕ್ಕ ಇದು. ಪಾಲಿಸಿ ಇಲ್ಲದಿದ್ದರೆ ಇಷ್ಟೂ ನಿಮ್ಮ ತಲೆ ಮೇಲೆ.

ಸಕಲೇಶಪುರ
ಮೇಲಿನವರು ಹೇಳಿದ್ದು ಸರಿ, ಆದರೆ ಗಾಡಿ ಒಳಗೆ ಕೂತವರ ಮಾತೇ ಬರಲಿಲ್ಲ. ಬರೀ ಥರ್ಡ್ ಪಾರ್ಟಿ ಪಾಲಿಸಿ ರಸ್ತೆಯಲ್ಲಿರುವವರಿಗೆ, ಎದುರಿನ ಗಾಡಿಯವರಿಗೆ. ನಿಮ್ಮ ಪಕ್ಕ, ಹಿಂದೆ ಕೂತವರು ಅದರಲ್ಲಿ ಬರಲ್ಲ. ಮಾರನಹಳ್ಳಿ ದಾಟಿ ಘಾಟಿ ಇಳಿಯುವಾಗ ನಿಮ್ಮ ತಪ್ಪಿನಿಂದಲೇ ಗಾಡಿ ಪಲ್ಟಿ ಆಗಿ, ಜೊತೆಗಿದ್ದ ಭಾವನಿಗೆ ಏನಾದರೂ ಆದರೆ ಅವರ ಮನೆಯವರು ಹಣ ಕೇಳಬೇಕಾದ್ದು ನಿಮ್ಮನ್ನೇ. ಪ್ಯಾಕೇಜ್ ಪಾಲಿಸಿ, ಅಂದರೆ ಏಜೆಂಟರು ಫುಲ್ ಅನ್ನೋದು, ಅದರಲ್ಲಿ ಖಾಸಗಿ ಕಾರಿನೊಳಗೆ ಕೂತವರೂ ಬರುತ್ತಾರೆ. ನನ್ನ ಪ್ರಕಾರ ಫುಲ್ ತಗೋಬೇಕಾದ್ದು ಬಂಪರ್‌ಗೆ ಅಲ್ಲ, ಇದಕ್ಕೆ. ಗಾಡಿ ಹಳೇದು, ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ಕಮ್ಮಿ, ಹಾಗಾಗಿ ಮೇಲೆ ಕಟ್ಟೋದೂ ಅಷ್ಟೇನೂ ಜಾಸ್ತಿ ಆಗಲ್ಲ.

ಓಡಿಸುವ ಮಾಲೀಕರಿಗೆ ಮಾತ್ರ ಎರಡರಲ್ಲೂ ಇಲ್ಲ. ಅದಕ್ಕೇ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕಡ್ಡಾಯ. ಬೇರೆ ಕಡೆ ಅಷ್ಟು ಇದ್ದರೆ ಮತ್ತೆ ತಗೋಬೇಕಿಲ್ಲ.

ಚಿಕ್ಕಮಗಳೂರು
ಮಿತಿ ಇಲ್ಲ ಅನ್ನೋದು ಜೀವಕ್ಕೆ ಮಾತ್ರ ಸ್ವಾಮಿ. ಆಸ್ತಿಗೆ ಮಿತಿ ಇದೆ, ಕಾರಿಗೆ 7.5 ಲಕ್ಷ. ಮುಳ್ಳಯ್ಯನಗಿರಿ ದಾರೀಲಿ ವೀಕೆಂಡ್ ಬಂದು ನೋಡಿ, ಎಂಥೆಂಥಾ ಕಾರು ಸಾಲುಗಟ್ಟಿರುತ್ತೆ ಅಂತ. ಅಂಥದ್ದಕ್ಕೆ ಜೋರಾಗಿ ಗುದ್ದಿದರೆ 7.5ರ ಮೇಲಿನದ್ದು ನಿಮ್ಮ ಜೇಬಿಂದ. ಇನ್ನೊಂದು ಚಾಲಾಕಿ ಇದೆ: ಈ ಮಿತಿಯನ್ನ 6,000 ರೂಪಾಯಿಗೆ ಇಳಿಸಿ, ಪ್ರೀಮಿಯಂನಲ್ಲಿ ಬರೀ ನೂರು ರೂಪಾಯಿ ಉಳಿಸಿ ಕೊಡ್ತಾರೆ. ಟಿಪಿಪಿಡಿ, ಅಂದರೆ ಎದುರಿನವರ ಆಸ್ತಿ ನಷ್ಟ, ಅಂತ ಬರೆದಿರುವ ಸಾಲು ಹುಡುಕಿ ಓದಿ.

ಮತ್ತೆ ನಮ್ಮೂರ ಕಾಯಿಲೆ, ವೈಟ್ ಬೋರ್ಡ್ ಗಾಡೀನ ಹೋಂಸ್ಟೇ ಗೆಸ್ಟುಗಳಿಗೆ ಬಾಡಿಗೆ ಓಡಿಸೋದು. ಖಾಸಗಿ ಪಾಲಿಸಿಯ ಗಾಡಿ ಬಾಡಿಗೆಗೆ ಓಡಿದರೆ ಕಂಪನಿ ಕೈಎತ್ತೋಕೆ ಅದೊಂದು ಕಾರಣ ಸಾಕು.

ಮೂಡಿಗೆರೆ
ಕೈಎತ್ತೋದರಲ್ಲೂ ಒಂದು ಬಗೆ ಇದೆ. ಓಡಿಸಿದವನಿಗೆ ಲೈಸೆನ್ಸ್ ಇಲ್ಲ ಅಂತಾದರೆ ಎಷ್ಟೋ ಕೇಸಲ್ಲಿ ಕೋರ್ಟು ಮೊದಲು ಕಂಪನಿಯಿಂದ ನೊಂದವರಿಗೆ ಹಣ ಕೊಡಿಸುತ್ತೆ, ಆಮೇಲೆ ಮಾಲೀಕನಿಂದ ವಸೂಲಿ ಮಾಡ್ಕೋ ಅನ್ನುತ್ತೆ. ಅಲ್ಲಿಗೆ ನಿಮ್ಮ ಎರಡೆಕರೆಗೆ ಕುತ್ತು ಬಂತು ಅಲ್ವಾ? ತೋಟದ ಹುಡುಗನ ಕೈಗೆ ಕೀ ಕೊಡೋ ಮುಂಚೆ ಲೈಸೆನ್ಸ್ ನೋಡಿ. ಸಂಬಳದ ಡ್ರೈವರ್ ಇದ್ದರೆ ಪೇಯ್ಡ್ ಡ್ರೈವರ್ ಲಯಬಿಲಿಟಿ ಅಂತ ಸೇರಿಸಿಕೊಳ್ಳಿ, 50 ರೂಪಾಯಿಯ ವಿಷಯ.

ಕಾರು ಮಾರಿದರೆ ಆರ್‌ಸಿ ಬದಲಾಗೋವರೆಗೂ ಬೆನ್ನು ಬಿಡಬೇಡಿ. ನಮ್ಮ ಪಕ್ಕದ ತೋಟದವರು ಕೆಎ-18 ಗಾಡಿ ಮಾರಿ, ಫಾರಂಗೆ ಸಹಿ ಹಾಕಿ ಸುಮ್ನೆ ಕೂತಿದ್ದರು. ಕೊಂಡವನು ಅಪಘಾತ ಮಾಡಿದ, ಇನ್ಶೂರೆನ್ಸೂ ಕಟ್ಟಿರಲಿಲ್ಲ. ನೋಟಿಸ್ ಬಂದದ್ದು ಇವರಿಗೆ. ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆಯಂತೆ, ವಕೀಲರು ಅದನ್ನೇ ಓದಿ ಹೇಳಿದರು.

ಕೇಳಿದವರು, ಹಾಸನ
ಎಲ್ಲರಿಗೂ ಥ್ಯಾಂಕ್ಸ್. ಪ್ಯಾಕೇಜ್‌ಗೆ ಕೊಟೇಶನ್ ಕೇಳಿದ್ದೇನೆ, ಟಿಪಿಪಿಡಿ 7.5 ಲಕ್ಷವೇ ಇರಲಿ ಅಂದೆ. ಏಜೆಂಟರು "ಒಂದೆರಡು ದಿನ ಲೇಟಾದರೂ ಪರವಾಗಿಲ್ಲ" ಅಂತಾರೆ, ಹೌದಾ?

ಹಾಸನ, ಬಿ.ಎಂ. ರಸ್ತೆ
ಇಲ್ಲ ಕಣ್ರೀ. 90 ದಿನದ ಅವಕಾಶ ಇರೋದು ನೋ ಕ್ಲೇಮ್ ಬೋನಸ್ಸಿಗೆ (ಕ್ಲೇಮ್ ಮಾಡದವರಿಗೆ ಸಿಗೋ ರಿಯಾಯಿತಿ) ಮಾತ್ರ. ಪಾಲಿಸಿ ಮುಗಿದ ಮಧ್ಯರಾತ್ರಿಯಿಂದ ಹೊಸದು ಶುರುವಾಗೋವರೆಗೆ ನಿಮಗೆ ಏನೂ ಇಲ್ಲ. ಈಗಲೇ ಕಟ್ಟಿ, ಬಂದ ಸರ್ಟಿಫಿಕೇಟಲ್ಲಿ ಶುರುವಾಗೋ ದಿನಾಂಕದ ಪಕ್ಕ ಗಂಟೆ ಬರೆದಿರುತ್ತೆ, ಅದನ್ನೂ ನೋಡ್ಕೊಳ್ಳಿ.