ಬ್ಯಾಕ್ಲೋಫೆನ್ ಪಂಪ್ ಹಾಕಿಸೋದು: ಮಾತ್ರೆಗಿಂತ ನಿಜಕ್ಕೂ ಬೇರೇನಾ?

ಬಿಸಿಲುಕೋಲು:
ನಮ್ಮಣ್ಣಂಗೆ ಬೆನ್ನುಹುರಿಗೆ ಪೆಟ್ಟಾದ್ಮೇಲೆ ಎರಡೂ ಕಾಲು ಸೆಟೆದುಕೊಳ್ತವೆ, ರಾತ್ರಿ ಹೊತ್ತು ತಾವಾಗೇ ಜಗ್ಗಿ ನಿದ್ದೆನೇ ಇಲ್ಲ. ಬ್ಯಾಕ್ಲೋಫೆನ್ ಮಾತ್ರೆ ಏರಿಸ್ತಾ ಏರಿಸ್ತಾ ಹೋದ್ರು, ಕಾಲು ಸ್ವಲ್ಪ ಸಡಿಲ ಆಯ್ತು ನಿಜ, ಆದ್ರೆ ಮನುಷ್ಯ ಇಡೀ ದಿನ ತೂಕಡಿಸ್ತಾನೆ, ಮಾತಾಡ್ಸಿದ್ರೆ ಹೂಂ ಅಂತಾನೆ ಅಷ್ಟೆ. ಈಗ ಡಾಕ್ಟ್ರು ಪಂಪ್ ಅಂತಿದಾರೆ, ಹೊಟ್ಟೆ ಚರ್ಮದ ಕೆಳಗೆ ಇಟ್ಟು ಅಲ್ಲಿಂದ ಬೆನ್ನೊಳಗೆ ಟ್ಯೂಬ್ ಬಿಡ್ತಾರಂತೆ. ಔಷಧಿ ಮಾತ್ರ ಅದೇ ಬ್ಯಾಕ್ಲೋಫೆನ್! ಬಾಯಲ್ಲಿ ಕೊಟ್ಟಾಗ ಬರೋ ಮಂಪರು ಟ್ಯೂಬಲ್ಲಿ ಕೊಟ್ರೆ ಯಾಕೆ ಬರಲ್ಲ? ಒಳಗೆ ಇಟ್ಮೇಲೆ ಅದು ಕೈಕೊಟ್ರೆ ಏನ್ಮಾಡೋದು?

ಅರೆಗಣ್ಣು:
ಬ್ಯಾಕ್ಲೋಫೆನ್ ಕೆಲ್ಸ ಮಾಡ್ಬೇಕಾಗಿರೋದು ಬೆನ್ನುಹುರಿಲಿ, ಆದ್ರೆ ರಕ್ತದಿಂದ ಅಲ್ಲಿಗೆ ದಾಟಿ ಹೋಗೋದು ಬಹಳ ಕಮ್ಮಿ. ಅದಕ್ಕೇ ಮಾತ್ರೆ ಡೋಸ್ ದಿನಕ್ಕೆ 80 ಮಿಲಿಗ್ರಾಂವರೆಗೂ ಹೋಗತ್ತೆ, ಅದು ಮೈಯೆಲ್ಲಾ ಸುತ್ತತ್ತೆ, ಮಿದುಳಿಗೂ ಮುಟ್ಟತ್ತೆ, ಮಂಪರು ಬರೋದು ಅಲ್ಲಿಂದ. ಪಂಪ್‌ನ ಟ್ಯೂಬ್ ತುದಿ ಇರೋದು ಬೆನ್ನುಹುರಿ ಸುತ್ತ ಇರೋ ದ್ರವದೊಳಗೇ, ಹಂಗಾಗಿ ಮಿಲಿಗ್ರಾಂ ಲೆಕ್ಕನೇ ಬಿಟ್ಟು ಮೈಕ್ರೋಗ್ರಾಂಗೆ ಇಳೀತಾರೆ, ಬಹಳ ಜನಕ್ಕೆ ದಿನಕ್ಕೆ ಕೆಲವು ನೂರು ಮೈಕ್ರೋಗ್ರಾಂ ಸಾಕಾಗತ್ತೆ. ತೀರಾ ನಿಧಾನವಾಗಿ ಬಿಡೋದ್ರಿಂದ ಔಷಧಿ ಹೆಚ್ಚಿನ ಪಾಲು ಟ್ಯೂಬ್ ತುದಿ ಆಸುಪಾಸಲ್ಲೇ ಉಳಿಯತ್ತೆ, ತುದಿ ಬೆನ್ನಲ್ಲಿ ಎಷ್ಟು ಎತ್ತರಕ್ಕಿರ್ಬೇಕು ಅಂತ ಸರ್ಜನ್ನು ತಲೆ ಕೆಡಿಸ್ಕೊಳ್ಳೋದು ಅದಕ್ಕೇ. ಮಂಪರು ಬರೋದೇ ಇಲ್ಲ ಅಂತಲ್ಲ, ಡೋಸ್ ಜಾಸ್ತಿ ಆದ್ರೆ ಇಲ್ಲೂ ಬರತ್ತೆ.

ಕೊನೆಬೆಂಚು:
ನಮ್ಮನೇಲಿ ಒಬ್ರಿಗೆ ಇದೆ, ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಆಪರೇಷನ್ನಿಗಿಂತ ಅದಾದ್ಮೇಲಿನ ಶಿಸ್ತೇ ದೊಡ್ಡದು. ಪಂಪ್ ಒಳಗಿನ ತೊಟ್ಟಿ 20 ಇಲ್ಲಾ 40 ಎಂಎಲ್, ಖಾಲಿ ಆಗೋದ್ರೊಳಗೆ ಹೋಗಿ ಚರ್ಮದ ಮೇಲಿಂದ್ಲೇ ಸೂಜಿ ಚುಚ್ಚಿ ತುಂಬಿಸ್ಕೊಂಡು ಬರ್ಬೇಕು, ಡೋಸ್ ಮೇಲೆ ಕೆಲವು ತಿಂಗಳಿಗೊಮ್ಮೆ. ಆ ತಾರೀಖು ಮರೀಬಾರ್ದು ಅಂದ್ರೆ ಮರೀಬಾರ್ದು, ಹಬ್ಬ ಮದುವೆ ಏನಿದ್ರೂ. ಯಾಕಂದ್ರೆ ಬೆನ್ನಿಗೆ ಹೋಗೋ ಬ್ಯಾಕ್ಲೋಫೆನ್ ದಿಢೀರ್ ನಿಂತ್ರೆ ಮೊದ್ಲಿಗಿಂತ ಜೋರಾಗಿ ಸೆಟೆತ, ಜ್ವರ, ಗೊಂದಲ, ಜೀವಕ್ಕೇ ಅಪಾಯ. ಗುಳ್ಳೆ ಇಲ್ದೇ ಮೈಯೆಲ್ಲಾ ತುರಿಕೆ ಶುರುವಾದ್ರೆ ಅದೂ ಒಂದು ಮುನ್ಸೂಚನೆ, ಅಲರ್ಜಿ ಅನ್ಕೊಂಡು ಮನೇಲಿ ಕೂರ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ತೊಟ್ಟಿ ಖಾಲಿ ಆಗ್ತಾ ಬಂದ್ರೆ ಪಂಪ್ ಬೀಪ್ ಅನ್ನತ್ತೆ, ಆದ್ರೆ ಟ್ಯೂಬ್ ಮಡಚ್ಕೊಂಡ್ರೆ ಬೀಪ್ ಬರಲ್ಲ! ಪಂಪ್ ಪಾಡಿಗೆ ಪಂಪ್ ಸರಿಯಾಗೇ ಓಡ್ತಿರತ್ತಲ್ಲ.

ತಿರುಪುಮೊಳೆ:
ಕೊನೆಬೆಂಚು ಹೇಳಿದ್ದು ಸರಿ, ಇವುಗಳಲ್ಲಿ ತಂಟೆ ತೆಗೆಯೋದು ಮೋಟಾರಿಗಿಂತ ಟ್ಯೂಬೇ ಜಾಸ್ತಿ, ಮಡಚೋದು, ಕಳಚೋದು, ಜಾಗ ಬಿಟ್ಟು ಸರಿಯೋದು. ಇನ್ನೊಂದು ವಿಷ್ಯ ಎಂಆರ್‌ಐ. ಪ್ರೋಗ್ರಾಂ ಮಾಡೋ ಪಂಪ್‌ಗಳಲ್ಲಿ ಸಣ್ಣ ರೋಲರ್ ತಿರುಗ್ತಾ ಔಷಧಿ ತಳ್ಳತ್ತೆ, ಎಂಆರ್‌ಐ ಮ್ಯಾಗ್ನೆಟ್ ಹತ್ರ ಅದು ನಿಂತು ಹೊರಗೆ ಬಂದ್ಮೇಲೆ ಮತ್ತೆ ಶುರು ಆಗತ್ತೆ. ಶುರು ಆಗಿದ್ಯಾ ಅಂತ ಪ್ರೋಗ್ರಾಮರ್ (ಹೊರಗಿಂದ ಪಂಪ್ ಸೆಟ್ ಮಾಡೋ ಯಂತ್ರ) ಇಟ್ಟು ಚೆಕ್ ಮಾಡಿಸ್ದೇ ಮನೆಗೆ ಬರ್ಬೇಡಿ. ಬ್ಯಾಟರಿ ಸುಮಾರು 5ರಿಂದ 7 ವರ್ಷ, ಚಾರ್ಜ್ ಗೀರ್ಜ್ ಏನಿಲ್ಲ, ಮುಗಿದ್ರೆ ಪಂಪ್ ಪೂರ್ತಿ ಬದಲಾಯಿಸ್ಬೇಕು.

ಬಿಸಿಲುಕೋಲು:
ಥ್ಯಾಂಕ್ಸ್, ಸ್ವಲ್ಪ ಭಯನೂ ಆಯ್ತು. ಇಷ್ಟೆಲ್ಲಾ ಮಾಡಿ ಅಣ್ಣಂಗೆ ಉಪಯೋಗನೇ ಆಗ್ಲಿಲ್ಲ ಅಂದ್ರೆ?

ಅರೆಗಣ್ಣು:
ಅದಕ್ಕೇ ಪಂಪ್ ಹಾಕೋ ಮೊದ್ಲೇ ಒಂದು ಪರೀಕ್ಷೆ ಮಾಡ್ತಾರೆ. ಸೊಂಟದ ಹತ್ರ ಬೆನ್ನಿಗೆ ಸೂಜಿ ಹಾಕಿ 50 ಮೈಕ್ರೋಗ್ರಾಂ ಕೊಟ್ಟು ಕೆಲವು ಗಂಟೆ ನೋಡ್ತಾರೆ, ಸಾಲ್ದಿದ್ರೆ ಮರುದಿನ 75, ಆಮೇಲೆ 100. 100ಕ್ಕೂ ಕಾಲು ಸಡಿಲ ಆಗ್ದಿದ್ರೆ ಸಾಮಾನ್ಯವಾಗಿ ಪಂಪ್ ವಿಚಾರ ಅಲ್ಲಿಗೇ ಕೈಬಿಡ್ತಾರೆ.

ಗಾಳಿಮಾತು:
ವಿಷಯಾಂತರ, ಆದ್ರೂ ಇದೇ ಐಡಿಯಾ ಬೇರೆ ಕಡೆನೂ ಇದೆ. ಮಿದುಳಿನ ಗಡ್ಡೆ ತೆಗೆದ ಜಾಗದಲ್ಲೇ ಕೀಮೋ ಔಷಧಿ ಬಿಡೋ ಗ್ಲಿಯಾಡೆಲ್ ಅನ್ನೋ ಬಿಲ್ಲೆಗಳಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1996ರಲ್ಲೇ ಒಪ್ಪಿಗೆ ಕೊಟ್ಟಿತ್ತು, 8 ಬಿಲ್ಲೆವರೆಗೂ ಇಟ್ಟು ಮುಚ್ತಾರೆ, ತಾವೇ ಕರಗ್ತವೆ. ಆದ್ರೆ ಒಮ್ಮೆ ಇಟ್ರೆ ಡೋಸ್ ಬದಲಾಯಿಸೋಕಾಗಲ್ಲ, ಆ ಲೆಕ್ಕದಲ್ಲಿ ಪಂಪೇ ವಾಸಿ.

ಕೊನೆಬೆಂಚು:
ಹೌದು, ಹೊರಗಿಂದ್ಲೇ ಪ್ರೋಗ್ರಾಂ ಮಾಡಿ ರಾತ್ರಿಗೆ ಜಾಸ್ತಿ ಹಗಲಿಗೆ ಕಮ್ಮಿ ಅಂತ ಇಡ್ಬಹುದು. ಬಿಸಿಲುಕೋಲು, ಒಂದು ಕೇಳ್ಬೇಕಿತ್ತು, ನಿಮ್ಮಣ್ಣ ಮಂಚದಿಂದ ವೀಲ್‌ಚೇರಿಗೆ ಹೋಗೋವಾಗ ಆ ಸೆಟೆತದ ಮೇಲೇ ಕಾಲೂರಿ ನಿಲ್ತಾರಾ? ಹಾಗಿದ್ರೆ ಪೂರ್ತಿ ಸಡಿಲ ಮಾಡ್ಬಿಟ್ರೆ ನಿಲ್ಲೋಕೇ ಆಗಲ್ಲ. ಟೆಸ್ಟ್ ದಿನ ಫಿಸಿಯೋ ಅವ್ರನ್ನೂ ಇರೋಕೆ ಹೇಳಿ, ಎಷ್ಟು ಸೆಟೆತ ಉಳಿಸ್ಬೇಕು ಅಂತ ಅವ್ರು ನೋಡಿ ಹೇಳ್ತಾರೆ.