ಪದಚರ್ಚೆ: ‘ಕ್ಲಿಕ್‌ಬೈಟ್’ ಕಾರ್ ರಿವ್ಯೂಗೆ ಕನ್ನಡದಲ್ಲಿ ಏನನ್ನೋಣ? (ಸೋಮವಾರ ಅಚ್ಚಿಗೆ)

ಕಳಿಸಿದವರು: ಸು.ಹೆ.

ಎಲ್ಲರಿಗೂ ನಮಸ್ಕಾರ. ಗ್ರಾಹಕ ಜಾಗೃತಿಯ ಫ್ಲೆಕ್ಸ್ ಒಂದನ್ನು ಕನ್ನಡಕ್ಕೆ ತರಬೇಕಾಗಿದೆ. ಯೂಟ್ಯೂಬ್‌ನಲ್ಲಿ, ವೆಬ್‌ಸೈಟ್‌ಗಳಲ್ಲಿ ಬರುವ ಕಾರ್ ರಿವ್ಯೂಗಳನ್ನು ಎಷ್ಟು ನಂಬಬಹುದು ಎನ್ನುವುದು ವಿಷಯ. ಮೂಲ ಇಂಗ್ಲಿಷಿನಲ್ಲಿದೆ, ಹೆಜ್ಜೆ ಹೆಜ್ಜೆಗೂ ‘ಕ್ಲಿಕ್‌ಬೈಟ್’ (ಒತ್ತಿ ನೋಡುವಂತೆ ಮರುಳು ಮಾಡುವ ತಲೆಬರಹ). ಮೂರಡಿ ಅಗಲದ ಫಲಕ, ಈ ಮಾತಿಗೆ ಎರಡು ಪದಕ್ಕಿಂತ ಹೆಚ್ಚು ಹಿಡಿಸದು. ಸದ್ಯಕ್ಕೆ ಕೈಯಲ್ಲಿರುವುದು: ಆಮಿಷ ಶೀರ್ಷಿಕೆ, ಗಾಳಸುದ್ದಿ, ಸೆಳೆಬರಹ. ಜೊತೆಗೆ ‘ರಿವ್ಯೂ’ಗೆ ವಿಮರ್ಶೆ ಎನ್ನಲೇ? ‘ಸ್ಪಾನ್ಸರ್ಡ್’ಗೆ ಪ್ರಾಯೋಜಿತ ಸಾಕೇ? ಸೋಮವಾರ ಬೆಳಿಗ್ಗೆ ಅಚ್ಚಿಗೆ ಹೋಗಬೇಕು, ದಯವಿಟ್ಟು ಬೇಗ ತಿಳಿಸಿ.

ಉತ್ತರ: ಗ.ನಾ.

ಗಾಳಸುದ್ದಿ ಬೇಡ. ಗಾಳಿಸುದ್ದಿಗೂ ಅದಕ್ಕೂ ಇರುವುದು ಒಂದು ಗುಡಿಸಿನ ವ್ಯತ್ಯಾಸ. ಓದುವವರು ಅಚ್ಚಿನ ತಪ್ಪೆಂದು ಮನಸ್ಸಿನಲ್ಲೇ ತಿದ್ದಿಕೊಂಡು ಮುಂದೆ ಹೋಗುತ್ತಾರೆ. ಆಮಿಷ ಎಂದರೆ ಚುನಾವಣೆ, ಸೀರೆ, ಕುಕ್ಕರ್. ಸೆಳೆಬರಹದಲ್ಲಿ ಬೈಗುಳವೇ ಇಲ್ಲ, ಎಲ್ಲ ತಲೆಬರಹವೂ ಸೆಳೆಯಲೆಂದೇ ಬರೆದದ್ದು.

‘ಬೈಟ್’ಗೆ, ಅಂದರೆ ಮೀನಿಗೆ ಗಾಳದ ತುದಿಯಲ್ಲಿ ಚುಚ್ಚುವುದಕ್ಕೆ, ಕನ್ನಡದಲ್ಲಿ ‘ಎರೆ’ ಎಂಬ ಅಚ್ಚ ಪದ ಇದೆ. ತಮಿಳಿನ ಇರೈ, ಮಲಯಾಳದ ಇರ, ತೆಲುಗಿನ ಎರ ಎಲ್ಲ ಅದರ ಒಡಹುಟ್ಟುಗಳು. ಎರೆಹುಳುವಿನಲ್ಲಿ ಇಂದಿಗೂ ಬದುಕಿದೆ. ಎರೆಬರಹ ಎನ್ನಿ. ಚರ್ಚೆ ಮುಗಿಯಿತು.

ಉತ್ತರ: ರಾ.ಕು.

ಮುಗಿಯಲಿಲ್ಲ ಮೇಷ್ಟ್ರೇ. ಧಾರವಾಡ, ಗದಗ, ವಿಜಯಪುರದ ಕಡೆ ಎರೆ ಅಂದರೆ ಕಪ್ಪು ಹೊಲ. ‘ಎರೆಬರಹಕ್ಕೆ ಬಲಿಯಾಗಬೇಡಿ’ ಎಂದು ಹಾಕಿದರೆ ಕೃಷಿ ಇಲಾಖೆಯ ಫಲಕ ಅಂದುಕೊಂಡಾರು. ಮೈಸೂರಿನ ಕಡೆ ಎರೆಯುವುದು ದೋಸೆಯನ್ನ, ತಲೆಗೆ ನೀರನ್ನ. ಎರೆಹುಳು ಕೂಡ ಎರೆಮಣ್ಣಿನ ಹುಳು ಎಂದೇ ನಮ್ಮ ಕಡೆ ತಿಳುವಳಿಕೆ. ಗಾಳಕ್ಕೆ ಚುಚ್ಚಿದ ಮಾತ್ರಕ್ಕೆ ಹೆಸರು ಬಂತು ಅನ್ನೋದಕ್ಕೆ ಆಧಾರ?

ಉತ್ತರ: ಗ.ನಾ.

ದೋಸೆ ಎರೆಯುವ ಎರೆಗೆ ಹಳಗನ್ನಡದಲ್ಲಿ ಶಕಟರೇಫ (ಈಗ ಬಿಟ್ಟುಹೋದ ‘ಱ’ ಅಕ್ಷರ), ಎಱೆ. ತಮಿಳಿನಲ್ಲೂ ನೀರು ಹೊಯ್ಯುವ ಇಱೈಗೆ ಬೇರೆ ಱ, ತಿನ್ನುವ ಇರೈಗೆ ಬೇರೆ ರ. ಎರಡನ್ನೂ ಕಲಸಬೇಡಿ. ಶಕಟರೇಫ ಬಿಟ್ಟದ್ದಕ್ಕೆ ಕನ್ನಡಿಗರು ತೆರುತ್ತಿರುವ ದಂಡ ಇದು.

ಉತ್ತರ: ಪ್ರ.ಶೆ.

ರೇಫದ ಲೆಕ್ಕ ಆಮೇಲೆ ನೋಡೋಣ. ಸು.ಹೆ. ಮೇಡಂ, ಮೊದಲು ಮೂಲವನ್ನು ಇನ್ನೊಮ್ಮೆ ಓದಿ. ಅಷ್ಟೂ ಕಡೆ ಒಂದೇ ಅರ್ಥ ಇದ್ದೀತು ಅನ್ನಿಸುವುದಿಲ್ಲ. ಕಾರ್ ರಿವ್ಯೂ ವಿಚಾರದಲ್ಲಿ ಇಂಗ್ಲಿಷಿನವರು ಮೂರು ಬೇರೆ ಬೇರೆ ದೋಷಗಳಿಗೆ ಈ ಒಂದೇ ಬೈಗುಳ ಬಳಸಿಬಿಡುತ್ತಾರೆ. ಮೂರನ್ನೂ ಪತ್ತೆ ಹಚ್ಚುವ ಬಗೆ ಬೇರೆ. ಒಂದೇ ಪದ ಹಾಕಿದರೆ ಫಲಕ ಓದಿದವರಿಗೆ ಏನು ಮಾಡಬೇಕೆಂದೇ ತಿಳಿಯದು.

ಮೊದಲನೆಯದು ತಲೆಬರಹದ ಮೋಸ. ‘6 ಲಕ್ಷಕ್ಕೆ 28 ಮೈಲೇಜ್!’ ಎಂಬ ಥಂಬ್‌ನೇಲ್ (ವಿಡಿಯೋದ ಮುಖಚಿತ್ರ) ತೆಗೆದುಕೊಳ್ಳಿ. 6 ಲಕ್ಷ ಎನ್ನುವುದು ತೀರಾ ಕೆಳಗಿನ ಪೆಟ್ರೋಲ್ ವೇರಿಯಂಟಿನ (ಅದೇ ಕಾರಿನ ಒಂದು ಆವೃತ್ತಿ) ಎಕ್ಸ್-ಶೋರೂಮ್ ಬೆಲೆ, 28 ಎನ್ನುವುದು ಅದಕ್ಕಿಂತ ದುಬಾರಿಯಾದ ಸಿಎನ್‌ಜಿ ವೇರಿಯಂಟಿನ ಅಂಕಿ. ಎರಡೂ ನಿಜ, ಆದರೆ ಒಂದೇ ಕಾರಿನಲ್ಲಿ ಎರಡೂ ಸಿಗುವುದಿಲ್ಲ. ಮೇಲೆ ಆಜೀವ ತೆರಿಗೆ, ವಿಮೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ತೆರಿಗೆಯೇ 17%, ಅದರ ಮೇಲೆ ಸೆಸ್. ಇವೆಲ್ಲ ಸೇರಿದ ದಿಲ್ಲಿಯ ಆನ್‌ರೋಡ್ ಬೆಲೆ ಹೇಳುವ ವಿಡಿಯೋ ಬೆಂಗಳೂರಿನವರಿಗೆ ಉಪಯೋಗಕ್ಕಿಲ್ಲ.

ಆ ಮೈಲೇಜ್ ಅಂಕಿಯಾದರೂ ಏನು? ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಮಾರ್ಪಡಿಸಿದ ಭಾರತೀಯ ಚಾಲನಾ ಚಕ್ರದ (ಪರೀಕ್ಷೆಗೆಂದು ಗೊತ್ತುಮಾಡಿದ ವೇಗದ ಏರಿಳಿತದ ಕ್ರಮ) ಪ್ರಕಾರ ಓಡಿಸಿ ತೆಗೆದದ್ದು. ಆ ಚಕ್ರದಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಎಸಿ ಆಫ್, ಎದುರುಗಾಳಿ ಇಲ್ಲ, ಸಿಲ್ಕ್ ಬೋರ್ಡ್ ಸಿಗ್ನಲ್ ಇಲ್ಲ. ಒಂದು ಕಾರನ್ನು ಇನ್ನೊಂದಕ್ಕೆ ಹೋಲಿಸಲು ಆ ಅಂಕಿ ಬೇಕು, ತಿಂಗಳ ಪೆಟ್ರೋಲ್ ಖರ್ಚು ಲೆಕ್ಕ ಹಾಕಲು ಬೇಡ. ಇನ್ನು ‘ನಾವೇ ಟೆಸ್ಟ್ ಮಾಡಿದೆವು’ ಎನ್ನುವವರು ಬಹಳ ಸಲ ತೋರಿಸುವುದು ಡ್ಯಾಶ್‌ಬೋರ್ಡಿನ ಪರದೆ. ಹೈವೇ ಸೇರಿ, ಟಾಪ್ ಗೇರಿಗೆ ಹಾಕಿದ ಮೇಲೆ ರೀಸೆಟ್ ಒತ್ತಿ 80ರಲ್ಲಿ ಹೋದರೆ ಯಾವ ಕಾರೂ ಚೆನ್ನಾಗೇ ತೋರಿಸುತ್ತದೆ. ಟ್ಯಾಂಕಿನಿಂದ ಟ್ಯಾಂಕಿಗೆ ಅಳೆದಿದ್ದಾರೋ ನೋಡಿ: ಅದೇ ಬಂಕ್, ಸಾಧ್ಯವಾದರೆ ಅದೇ ಪಂಪು, ಗನ್ ಮೊದಲ ಸಲ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಬೇಕು, ಟ್ರಿಪ್ ಮೀಟರ್ ಸೊನ್ನೆ, ಓಡಿಸಿ ಬಂದು ಮತ್ತೆ ಹಾಗೇ ತುಂಬಬೇಕು. ಓಡಿಸಿದ ದೂರವೂ ಮುಖ್ಯ. ತುಂಬುವಾಗ ಅರ್ಧ ಲೀಟರ್ ಆಚೀಚೆ ಆಗುವುದು ಇದ್ದದ್ದೇ. ಒಟ್ಟು 10 ಲೀಟರ್ ಮಾತ್ರ ಸುಟ್ಟಿದ್ದರೆ ಅದೇ 5% ತಪ್ಪು. 35 ಲೀಟರ್ ಸುಟ್ಟಿದ್ದರೆ ಒಂದೂವರೆ ಶೇಕಡಾ ಕೂಡ ಇಲ್ಲ. ‘50 ಕಿ.ಮೀ. ಮೈಲೇಜ್ ಟೆಸ್ಟ್’ ವಿಡಿಯೋಗಳನ್ನು ನೋಡದೇ ಬಿಡಬಹುದು.

ಎರಡನೆಯದು ಬಚ್ಚಿಟ್ಟ ದುಡ್ಡು. ತಲೆಬರಹ ಸಭ್ಯವಾಗೇ ಇರುತ್ತದೆ, ಹಾಗಾಗಿ ಇದನ್ನು ಗಾಳ, ಎರೆ ಎಂದರೆ ಹೊಂದುವುದೇ ಇಲ್ಲ. ಜಾಹೀರಾತು ಗುಣಮಟ್ಟ ಮಂಡಳಿ ಆಸ್ಕಿಯ ಇನ್‌ಫ್ಲುಯೆನ್ಸರ್ ನಿಯಮಗಳು 2021ರ ಜೂನ್‌ನಿಂದ ಜಾರಿಯಲ್ಲಿವೆ. ದುಡ್ಡು ಪಡೆದರಷ್ಟೇ ಅಲ್ಲ, ಕಂಪನಿ ಖರ್ಚಿನಲ್ಲಿ ಪ್ರವಾಸ, ಹೋಟೆಲ್ ಸಿಕ್ಕಿದ್ದರೂ ಹೇಳಬೇಕು. ಎರಡು ನಿಮಿಷ ದಾಟಿದ ವಿಡಿಯೋದಲ್ಲಿ ಆ ಬ್ರ್ಯಾಂಡಿನ ಮಾತು ನಡೆಯುವಷ್ಟು ಹೊತ್ತೂ ಲೇಬಲ್ ಕಾಣಬೇಕು. ಹ್ಯಾಶ್‌ಟ್ಯಾಗುಗಳ ಗುಂಪಿನಲ್ಲಿ ಹೂತಿಟ್ಟರೆ ಸಾಲದು. ನಮ್ಮ ಪದಚರ್ಚೆಗೆ ಸಂಬಂಧಪಟ್ಟ ಮಾತೆಂದರೆ, ಲೇಬಲ್ ಇಂಗ್ಲಿಷಿನಲ್ಲಿ ಇರಬೇಕು ಅಥವಾ ಆ ಜಾಹೀರಾತಿನ ಭಾಷೆಯಲ್ಲಿ ಸಾಮಾನ್ಯರಿಗೆ ಅರ್ಥವಾಗುವಂತೆ ಇರಬೇಕು. ‘ಪ್ರಾಯೋಜಿತ’ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆಯೇ? ನನಗಂತೂ ಅನುಮಾನ. ‘ಜಾಹೀರಾತು’ ಎಂದರೆ ಎಲ್ಲರಿಗೂ ಗೊತ್ತು.

ಮೂರನೆಯದು ಹಳಸಿದ ಅಂಕಿ. ಕ್ರ್ಯಾಶ್ ಟೆಸ್ಟ್ ಸ್ಟಾರುಗಳಲ್ಲಿ ಇದು ಹೆಚ್ಚು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2014ರಿಂದ ಭಾರತದ ಕಾರುಗಳನ್ನು ಗುದ್ದಿಸಿ ನೋಡುತ್ತಿತ್ತು, ಆಗ ದೊಡ್ಡವರ ಸುರಕ್ಷತೆಗೆ ಒಟ್ಟು ಅಂಕ 17. 2022ರಲ್ಲಿ ನಿಯಮ ಬಿಗಿಯಾಯಿತು. 2023ರ ಅಕ್ಟೋಬರ್‌ನಿಂದ ನಮ್ಮ ದೇಶದ್ದೇ ಪರೀಕ್ಷೆ ಭಾರತ್ ಎನ್‌ಕ್ಯಾಪ್ ಬಂದಿದೆ: ದೊಡ್ಡವರಿಗೆ 32, ಮಕ್ಕಳಿಗೆ 49 ಅಂಕ, ಎದುರಿನಿಂದ 64, ಪಕ್ಕದಿಂದ 50, ಕಂಬಕ್ಕೆ 29 ಕಿ.ಮೀ. ವೇಗದಲ್ಲಿ ಗುದ್ದು. 17ರ ಕಾಲದ ಐದು ಸ್ಟಾರನ್ನೂ 32ರ ಕಾಲದ ಐದು ಸ್ಟಾರನ್ನೂ ಅಕ್ಕಪಕ್ಕ ಇಟ್ಟು ‘ಯಾವುದು ಗಟ್ಟಿ?’ ಎನ್ನುವ ವಿಡಿಯೋ ಕಂಡರೆ ಮುಂದಿನದು ನೋಡಬೇಡಿ. ಪರೀಕ್ಷೆಯ ವರ್ಷ, ಒಟ್ಟು ಎಷ್ಟಕ್ಕೆ ಎಷ್ಟು, ಪರೀಕ್ಷೆಯಾದ ಕಾರಿನಲ್ಲಿ ಏರ್‌ಬ್ಯಾಗ್ ಎಷ್ಟಿದ್ದವು, ಈ ಮೂರೂ ಇಲ್ಲದ ಸ್ಟಾರ್ ಬರೀ ಚಿತ್ರ.

ಹಾಗಾಗಿ: ಗಾಳದ ತಲೆಬರಹ, ಬಚ್ಚಿಟ್ಟ ಜಾಹೀರಾತು, ಹಳಸಲು ಅಂಕಿ.

ಉತ್ತರ: ಶಾ.ವಿ.

ಪ್ರ.ಶೆ. ಅವರ ವಿಂಗಡಣೆ ಒಪ್ಪಿದೆ, ಪದಗಳು ಒಪ್ಪಿಗೆ ಇಲ್ಲ. ಜಾಹೀರಾತು ಅರಬ್ಬಿಯಿಂದ ಮರಾಠಿಗೆ, ಮರಾಠಿಯಿಂದ ನಮಗೆ ಬಂದದ್ದು. ಎರವಲನ್ನು ಬಿಡಬೇಕೆಂದು ಚರ್ಚೆಗೆ ಕೂತು ಇನ್ನೊಂದು ಎರವಲನ್ನು ಎತ್ತಿಕೊಳ್ಳುವುದೇ? ‘ಸಾರುಬರಹ’ ಎನ್ನಬಹುದು. ಮಹಾಪ್ರಾಣವೂ ತಪ್ಪುತ್ತದೆ.

ಉತ್ತರ: ರಾ.ಕು.

ಜಾಹೀರಾತಿನಲ್ಲಿ ಮಹಾಪ್ರಾಣ ಎಲ್ಲಿದೆ? ಹಕಾರ ಮಹಾಪ್ರಾಣವಲ್ಲ. ಸಾರುಬರಹ ಅಂದರೆ ಮನೆಯವರು ಬೇಳೆ ಸಾರಿನ ರೆಸಿಪಿ ಹುಡುಕ್ತಾರೆ.

ಉತ್ತರ: ಶಾ.ವಿ.

ಹಾಸ್ಯ ಬೇಡ. ಡಂಗುರ ಸಾರುವುದು ಗೊತ್ತಿಲ್ಲವೇ? ‘ಆಮಿಷ’ಕ್ಕೆ ‘ತಲೆಬರಹ’ ಜೋಡಿಸಿದರಂತೂ ಅರಿಸಮಾಸ (ಸಂಸ್ಕೃತ, ಕನ್ನಡ ಪದಗಳ ಹೊಂದದ ಜೋಡಣೆ), ಹಳಗನ್ನಡ ವ್ಯಾಕರಣಕಾರ ಕೇಶಿರಾಜನ ಕಾಲದಿಂದ ದೋಷ.

ಉತ್ತರ: ಗ.ನಾ.

ಆಮಿಷ ಸಮಸಂಸ್ಕೃತ, ಅಂದರೆ ರೂಪ ಬದಲಾಗದೆ ಕನ್ನಡದಲ್ಲೂ ನಡೆಯುವ ಸಂಸ್ಕೃತ ಪದ. ಸಮಸಂಸ್ಕೃತದೊಡನೆ ಕನ್ನಡ ಸೇರಿದರೆ ಅರಿಸಮಾಸ ದೋಷವಿಲ್ಲ, ಅದೇ ಕೇಶಿರಾಜನೇ ಹೇಳಿದ್ದು. ನಾನು ಆ ಪದ ಬೇಡವೆಂದದ್ದು ಅರ್ಥಕ್ಕಾಗಿ. ವ್ಯಾಕರಣ ಅರ್ಧ ಓದಿ ಬರೆಯಬೇಡಿ.

ಉತ್ತರ: ಪ್ರ.ಶೆ.

ಕಾರು, ಫ್ಲೆಕ್ಸ್, ಸ್ಟಾರ್ ಮೂರನ್ನೂ ಸುಮ್ಮನೆ ಬಿಟ್ಟವರು ಜಾಹೀರಾತಿನ ಮೇಲೆ ಯಾಕೆ ಬಿದ್ದಿರಿ ತಿಳಿಯಲಿಲ್ಲ. ‘ರಿವ್ಯೂ’ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದನ್ನಾದರೂ ಮುಗಿಸೋಣ.

ವಿಮರ್ಶೆ ಬೇಡ. ಕೃತಿಗೆ ಒಗ್ಗಿಹೋದ ಪದ, ಕಾರಿಗೆ ಹಾಕಿದರೆ ತೂಕ ಜಾಸ್ತಿಯಾಗಿ ನಂಬಿಕೆ ಹುಟ್ಟಿಸುತ್ತದೆ, ಈ ಫಲಕದ ಉದ್ದೇಶಕ್ಕೆ ಅದೇ ಅಡ್ಡ. ಜನ ಹುಡುಕುವುದೂ ‘ರಿವ್ಯೂ’ ಎಂದೇ, ಹಾಗೇ ಬಿಡಿ. ಆದರೆ ರಿವ್ಯೂಗಳಲ್ಲಿ ಎರಡು ಜಾತಿ ಇದೆ, ಅದನ್ನು ಫಲಕದಲ್ಲಿ ಬೇರೆ ಮಾಡಿ ತೋರಿಸಿ. ಒಂದು ‘ಮೊದಲ ಓಟ’: ಕಂಪನಿ ಆರಿಸಿದ ಊರು, ಕಂಪನಿ ಆರಿಸಿದ ರಸ್ತೆ, ಸಾಮಾನ್ಯವಾಗಿ ಟಾಪ್ ವೇರಿಯಂಟ್, ಕೆಲವೇ ಗಂಟೆ. ಸ್ಟೇರಿಂಗ್ ಎಷ್ಟು ಹಗುರ, ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಜಾಗ ಇದೆಯೇ, ಇಷ್ಟು ಅದರಲ್ಲಿ ಗೊತ್ತಾಗುತ್ತದೆ. ಕ್ಲಚ್ ಎಷ್ಟು ಬಾಳುತ್ತದೆ, ಸರ್ವೀಸ್ ಬಿಲ್ ಎಷ್ಟು, ಸ್ಕ್ರೀನ್ ಹ್ಯಾಂಗ್ ಆಗುತ್ತದೆಯೇ, ಇವು ಗೊತ್ತಾಗುವುದಿಲ್ಲ. ಟಾಪ್ ವೇರಿಯಂಟಿನ ಟೈರ್ ಅಗಲವೂ ಹಿಂದಿನ ಬ್ರೇಕೂ ಕೆಳಗಿನ ವೇರಿಯಂಟಿನಲ್ಲಿ ಬೇರೆ ಇರಬಹುದು, ‘ಬ್ರೇಕ್ ಸೂಪರ್’ ಎಂದದ್ದು ನೀವು ಕೊಳ್ಳುವ ಕಾರಿಗೆ ಅನ್ವಯಿಸದೇ ಹೋಗಬಹುದು. ಬ್ರೋಷರಿನ ಕೊನೆಯ ಪುಟದ ವೇರಿಯಂಟ್ ಪಟ್ಟಿ ತೆಗೆದು ಸಾಲು ಸಾಲಾಗಿ ತಾಳೆ ನೋಡಬೇಕು. ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ತಳಕ್ಕಿರುವ ಎತ್ತರ) ಸಾಲಿನಲ್ಲಿ ಖಾಲಿ ಕಾರಿನ ಅಳತೆಯೋ ಜನ, ಸಾಮಾನು ತುಂಬಿದಾಗಿನದೋ ಎಂಬುದೂ ಮುಖ್ಯ.

ಇನ್ನೊಂದು ‘ಕೊಂಡವರ ಮಾತು’: ದುಡ್ಡು ಕೊಟ್ಟು ಕೊಂಡು ಓಡಿಸಿದವರದು. ಇದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ, ಆರು ತಿಂಗಳ ಖುಷಿಯೇ ಬೇರೆ, 60,000 ಕಿ.ಮೀ. ಆದ ಮೇಲಿನ ಮಾತೇ ಬೇರೆ. ಓಡೋಮೀಟರ್ ತೋರಿಸಿದ್ದಾರೆಯೇ ನೋಡಿ.

ಗಾಳದ ತಲೆಬರಹಕ್ಕೆ ಇನ್ನೊಂದು ಉದಾಹರಣೆ ಬೇಕಿದ್ದರೆ 20% ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ತೆಗೆದುಕೊಳ್ಳಿ. ಒಂದು ಕಡೆ ‘ಇಂಜಿನ್ ಖಲಾಸ್!’, ಇನ್ನೊಂದು ಕಡೆ ‘ಏನೂ ಆಗಲ್ಲ!’. ಇ10ಕ್ಕೆ (10% ಎಥನಾಲ್) ಹೊಂದಿಸಿದ ಹಳೆಯ ಕಾರುಗಳಲ್ಲಿ ಮೈಲೇಜ್ ಸುಮಾರು 6ರಿಂದ 7% ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳ ಚಿಂತೆ ಬೇರೆ. ನಿಮ್ಮ ಕಾರು ಯಾವ ಇಂಧನಕ್ಕೆ ಹೊಂದುತ್ತದೆಂದು ಮ್ಯಾನ್ಯುಯಲ್‌ನಲ್ಲಿ ನೋಡಿಕೊಂಡರೆ ಎರಡೂ ವಿಡಿಯೋ ಬೇಕಾಗುವುದಿಲ್ಲ.

ಉತ್ತರ: ಸು.ಹೆ.

ಎಲ್ಲರಿಗೂ ಧನ್ಯವಾದ. ಮೂಲವನ್ನು ಮತ್ತೆ ನೋಡಿದೆ, ಪ್ರ.ಶೆ. ಸಾರ್ ಹೇಳಿದ ಮೂರೂ ಅರ್ಥ ಅದರಲ್ಲಿವೆ. ಫಲಕ ಹೀಗೆ ಹೋಗುತ್ತಿದೆ:

ಕಾರ್ ರಿವ್ಯೂ ನಂಬುವ ಮುನ್ನ
ಗಾಳದ ತಲೆಬರಹವೇ? ಬೆಲೆ, ಮೈಲೇಜ್ ಒಂದೇ ವೇರಿಯಂಟಿನದೇ ನೋಡಿ.
ಬಚ್ಚಿಟ್ಟ ಜಾಹೀರಾತೇ? ಖರ್ಚು ಯಾರದೆಂದು ಹೇಳಿದ್ದಾರೆಯೇ ನೋಡಿ.
ಹಳಸಲು ಅಂಕಿಯೇ? ಪರೀಕ್ಷೆಯ ವರ್ಷ, ಒಟ್ಟು ಅಂಕ ನೋಡಿ.
ಮೊದಲ ಓಟವೇ, ಕೊಂಡವರ ಮಾತೇ?

ಉತ್ತರ: ಶಾ.ವಿ.

ಐದು ಸಾಲಿನಲ್ಲಿ ಎರವಲು ಎಷ್ಟಿವೆ ಎಂದು ಎಣಿಸಿ ನೋಡಿ ಮೇಡಂ. ನನ್ನ ಆಕ್ಷೇಪ ದಾಖಲಿರಲಿ.

ಉತ್ತರ: ಗ.ನಾ.

‘ಆಕ್ಷೇಪ’ ಸಂಸ್ಕೃತ, ‘ದಾಖಲು’ ಅರಬ್ಬಿ. ರಾ.ಕು. ಅವರೇ, ಎರೆಹುಳುವಿನ ಬಗ್ಗೆ ಬೇರೆ ಎಳೆ ತೆರೆಯುತ್ತಿದ್ದೇನೆ, ಅಲ್ಲಿಗೆ ಬನ್ನಿ.