ಯುದ್ಧಚಿತ್ರಗಳಲ್ಲಿ ಸಂಗೀತ ಯಾರ ಪಕ್ಷ?

ಪ್ರಶ್ನೆ: ಕುಂಜಿಬೆಟ್ಟಿನಿಂದ

ಉಡುಪಿಯ ನಮ್ಮ ಸಣ್ಣ ಚಿತ್ರಬಳಗದಲ್ಲಿ ಯುದ್ಧಚಿತ್ರಗಳ ಸಂಗೀತವನ್ನು ಕುರಿತು ಮಾತನಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಅದಕ್ಕಾಗಿ ಕೆಲವು ಚಿತ್ರಗಳನ್ನು ಮತ್ತೆ ನೋಡುತ್ತಿರುವಾಗ ಒಂದು ಸಂದೇಹ ಮೂಡಿದೆ. ‘ಸೇವಿಂಗ್ ಪ್ರೈವೇಟ್ ರಯಾನ್’ (1998) ಚಿತ್ರದಲ್ಲಿ ಒಮಾಹಾ ಕಡಲತೀರದ ದೀರ್ಘ ಕಾಳಗವಿದೆ. ಜಾನ್ ವಿಲಿಯಮ್ಸ್ ಅವರಂಥ ಸಂಗೀತಗಾರರು ಕೈಯಲ್ಲಿದ್ದರೂ ಆ ಕಾಳಗದ ಉದ್ದಕ್ಕೂ ಗುಂಡು, ನೀರು ಮತ್ತು ಕೂಗಿನ ಹೊರತು ಬೇರೇನೂ ಕೇಳಿಸುವುದಿಲ್ಲ. ‘ಅಪೋಕಲಿಪ್ಸ್ ನೌ’ (1979) ಚಿತ್ರದಲ್ಲಾದರೋ ಅಮೆರಿಕದ ಹೆಲಿಕಾಪ್ಟರ್‌ಗಳು ವಿಯೆಟ್ನಾಮಿನ ಹಳ್ಳಿಯ ಮೇಲೆ ಎರಗುವಾಗ ಜರ್ಮನ್ ಸಂಗೀತಕಾರ ವಾಗ್ನರ್‌ನ ‘ವಾಲ್ಕೀರಿಯರ ಸವಾರಿ’ ಮೊಳಗುತ್ತದೆ. ಯುದ್ಧದ ಹುಚ್ಚನ್ನು ತೋರಿಸಲೆಂದೇ ಮಾಡಿದ ದೃಶ್ಯವೆಂದು ತಿಳಿದಿದ್ದರೂ ನೋಡುವಾಗ ಮೈ ನವಿರೇಳುತ್ತದೆ, ಆಮೇಲೆ ನಾಚಿಕೆಯಾಗುತ್ತದೆ. ಕಾಳಗಕ್ಕೆ ಸಂಗೀತವನ್ನು ಸೇರಿಸಿದೊಡನೆ ಅದು ಕಾಳಗದ ಪಕ್ಷವನ್ನೇ ವಹಿಸಿಬಿಡುತ್ತದೆಯೇ? ಬಲ್ಲವರು ತಿಳಿಸಬೇಕು.

ಉತ್ತರ: ಹಿಮ್ಮೇಳದವ, ಬ್ರಹ್ಮಾವರ

ತಾವು ಹೇಳಿದ ವಾಗ್ನರ್ ಸಂಗೀತ ಹಿನ್ನೆಲೆ ಸಂಗೀತವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ದಾಳಿಯ ಮುಂದಾಳಾದ ಕರ್ನಲ್‌ನೇ ಹೆಲಿಕಾಪ್ಟರಿನ ಧ್ವನಿವರ್ಧಕಗಳಲ್ಲಿ ಅದನ್ನು ಹಾಕಿಸುತ್ತಾನೆ. ಶತ್ರುವನ್ನು ಹೆದರಿಸುವುದು ಅವನ ಉದ್ದೇಶ. ಅಂದರೆ ಅಲ್ಲಿ ಸಂಗೀತವೂ ಒಂದು ಆಯುಧ. ಪಾತ್ರಗಳು ಕೇಳುವುದನ್ನೇ ನಾವೂ ಕೇಳುತ್ತೇವೆ, ಆ ಸೈನಿಕರಿಗೆ ಏರಿದ ಅಮಲು ನಮಗೂ ಏರುತ್ತದೆ. ತಮಗಾದ ನಾಚಿಕೆ ನಿರ್ದೇಶಕರು ಬಯಸಿದ್ದೇ ಇರಬೇಕೆಂದು ನನಗೆ ತೋರುತ್ತದೆ.

ಪಾತ್ರಗಳಿಗೆ ಕೇಳಿಸದೆ ನಮಗೆ ಮಾತ್ರ ಕೇಳಿಸುವ ಸಂಗೀತದ ವಿಚಾರ ಬೇರೆ. ನಮ್ಮ ಯಕ್ಷಗಾನದ ಆಟದಲ್ಲಿ ಕರ್ಣಾರ್ಜುನರ ಕಾಳಗ ಬಂದಾಗ, ಹಾಡಿ ಆಟ ನಡೆಸುವ ಭಾಗವತರು ಆವೇಶ ಏರಿಸುವ ಏರುಪದ್ಯವನ್ನು ಎತ್ತಿಕೊಳ್ಳುತ್ತಾರೆ, ಮದ್ದಳೆಯೊಂದಿಗೆ ಚೆಂಡೆ ಸೇರುತ್ತದೆ, ಎಂಥವರ ರಕ್ತವೂ ಬಿಸಿಯಾಗುತ್ತದೆ. ಆದರೆ ಆ ಬಿಸಿಯನ್ನು ಏರಿಸುತ್ತಿರುವವರು ಯಾರೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿರುತ್ತದೆ. ಯುದ್ಧಕುಣಿತ ಎಷ್ಟು ಹೊತ್ತು ನಡೆಯಬೇಕು, ವೇಷಧಾರಿ ದಣಿದಿರುವನೇ ಎಂಬುದನ್ನು ಭಾಗವತರು ರಂಗಸ್ಥಳದಲ್ಲೇ ನೋಡಿ ತೀರ್ಮಾನಿಸುತ್ತಾರೆ. ಸಿನಿಮಾ ತನ್ನ ಭಾಗವತನನ್ನು ಅಡಗಿಸಿಡುತ್ತದೆ. ‘ಡನ್‌ಕರ್ಕ್’ (2017) ಚಿತ್ರಕ್ಕೆ ಹ್ಯಾನ್ಸ್ ಝಿಮ್ಮರ್ ಬಳಸಿದ ಶೆಪರ್ಡ್ ಸ್ವರವನ್ನು ಕೇಳಿ ನೋಡಿ. ಹಲವು ಸ್ಥಾಯಿಗಳ ಸ್ವರಗಳು ಒಟ್ಟಿಗೆ ಮೇಲೇರುತ್ತ, ಮೇಲಿನದು ಕ್ಷೀಣಿಸುವ ಹೊತ್ತಿಗೆ ಕೆಳಗಿನಿಂದ ಇನ್ನೊಂದು ಸೇರಿಕೊಳ್ಳುವುದರಿಂದ ಶ್ರುತಿ ಏರುತ್ತಲೇ ಇದೆಯೆಂಬ ಭ್ರಮೆ ಹುಟ್ಟುತ್ತದೆ. ಮುಕ್ತಾಯಕ್ಕೆ ಬರಲೊಪ್ಪದ ಏರುಪದ್ಯವದು. ವೀರರಸವನ್ನು ಉಕ್ಕಿಸದೆ ಉಸಿರು ಕಟ್ಟಿಸುವುದರಿಂದ, ಸಂಗೀತವಿದ್ದರೆ ವೈಭವೀಕರಣ ಇದ್ದೇ ಇರುತ್ತದೆ ಎಂಬ ವಾದಕ್ಕೆ ಅದೊಂದು ಒಳ್ಳೆಯ ಉತ್ತರ.

ಉತ್ತರ: ಬ್ಯಾಂಡ್ ವಾದಕ, ಮಂಗಳೂರು

ಸಂಗೀತಗಾರರ ಬಗ್ಗೆಯೂ ಎರಡು ಮಾತು ಸೇರಿಸುತ್ತೇನೆ. ನಾನು ಮದುವೆ, ಮೆರವಣಿಗೆಗಳಲ್ಲಿ ಟ್ರಂಪೆಟ್ ಊದುವವನು, ಆದ್ದರಿಂದ ಸ್ವಲ್ಪ ಪಕ್ಷಪಾತವಿರಬಹುದು. ಬ್ರಿಟಿಷ್ ಸೈನ್ಯದಲ್ಲಿ ಬ್ಯಾಂಡಿನವರೇ ಯುದ್ಧಕಾಲದಲ್ಲಿ ಸ್ಟ್ರೆಚರ್ ಹಿಡಿದು ಗಾಯಾಳುಗಳನ್ನು ಹೊರುವ ಪದ್ಧತಿಯಿತ್ತು. ಯುದ್ಧಚಿತ್ರಗಳಲ್ಲಿ ಇದು ಅಪರೂಪಕ್ಕೆ ಮಾತ್ರ ಕಾಣಿಸುತ್ತದೆ. 1944ರ ಜೂನ್ 6ರಂದು ನಾರ್ಮಂಡಿಯ ಸ್ವೋರ್ಡ್ ತೀರದಲ್ಲಿ ಬಿಲ್ ಮಿಲಿನ್ ಎಂಬ ಸೈನಿಕ ಗುಂಡುಗಳ ನಡುವೆ ಬ್ಯಾಗ್‌ಪೈಪ್ ನುಡಿಸುತ್ತ ಅತ್ತಿಂದಿತ್ತ ನಡೆದಾಡಿದ್ದ. ‘ದಿ ಲಾಂಗೆಸ್ಟ್ ಡೇ’ (1962) ಆ ಪ್ರಸಂಗವನ್ನು ತೋರಿಸಿದೆ.

‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಚಿತ್ರವನ್ನಂತೂ ತಾವು ಬಿಡಲೇಬಾರದು. ಹರಿದ ಬೂಟಿನ ಯುದ್ಧಕೈದಿಗಳು ಜಪಾನೀಯರ ಶಿಬಿರವನ್ನು ಪ್ರವೇಶಿಸುವಾಗ 1914ರ ‘ಕರ್ನಲ್ ಬೋಗಿ’ ನಡಿಗೆಗೀತವನ್ನು ಸಿಳ್ಳೆ ಹಾಕುತ್ತಾರೆ. ಆ ರಾಗಕ್ಕೆ ಸೈನಿಕರು ಕಟ್ಟಿಕೊಂಡಿದ್ದ ಪದಗಳು ಪರದೆಯ ಮೇಲೆ ಹಾಡುವಂಥವಲ್ಲ, ಆದ್ದರಿಂದ ಸಿಳ್ಳೆಯೇ ಗತಿ. ಬೈಗುಳವನ್ನು ಬಲ್ಲ ಪ್ರೇಕ್ಷಕ ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾನೆ. ಚಿತ್ರದ ಸಂಗೀತ ನಿರ್ದೇಶಕ ಮಾಲ್ಕಮ್ ಆರ್ನಲ್ಡ್ ಅದರ ಜೊತೆಗೇ ನುಡಿಯಬಲ್ಲ ಇನ್ನೊಂದು ನಡಿಗೆಗೀತವನ್ನು ರಚಿಸಿ ವಾದ್ಯವೃಂದಕ್ಕೆ ಕೊಟ್ಟರು. ಹೀಗೆ ಕೈದಿಗಳ ಸಂಗೀತವೂ ಚಿತ್ರದ ಸಂಗೀತವೂ ಒಂದರೊಳಗೊಂದು ಹೆಣೆದುಕೊಂಡವು. ಹಿಮ್ಮೇಳದವರು ಹಾಕಿದ ಗೆರೆ ಇಲ್ಲಿ ಅಳಿಸಿಹೋಗುತ್ತದೆ.

ಉತ್ತರ: ಸುರತ್ಕಲ್‌ನಿಂದ

ಗೆರೆ ಅಳಿಸಿದ್ದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. 1962ರ ಯುದ್ಧವನ್ನು ಆಧರಿಸಿದ ‘ಹಕೀಕತ್’ (1964) ಚಿತ್ರಕ್ಕೆ ಮದನ್ ಮೋಹನ್ ಅವರ ಸಂಗೀತ, ಕೈಫಿ ಆಜ್ಮಿಯವರ ಸಾಹಿತ್ಯ. ‘ಹೋಕೆ ಮಜ್‌ಬೂರ್’ ಗೀತೆಯನ್ನು ದಣಿದ ಯೋಧರು ಒಬ್ಬರಾದ ಮೇಲೊಬ್ಬರು ಹಾಡುತ್ತಾರೆ. ಕೊನೆಯ ‘ಕರ್ ಚಲೇ ಹಮ್ ಫಿದಾ’ ಬರುವ ಹೊತ್ತಿಗೆ ಹಾಡಲು ಯಾರೂ ಉಳಿದಿರುವುದಿಲ್ಲ. ರಫಿಯವರ ಧ್ವನಿ ಸತ್ತವರ ಪರವಾಗಿ ಮಾತನಾಡುತ್ತದೆ.

ಇನ್ನು ‘ದಿ ಪಿಯಾನಿಸ್ಟ್’ (2002). ವಾರ್ಸಾದಲ್ಲಿ ಅಡಗಿ ಬದುಕಿದ ವ್ಲಾಡಿಸ್ಲಾವ್ ಶ್ಪಿಲ್ಮನ್ ಅವರ ಕಥೆಯಿದು. ಪಿಯಾನೊ ಇರುವ ಮನೆಯಲ್ಲೇ ಅಡಗಿದ್ದರೂ ಸದ್ದು ಮಾಡಿದರೆ ಸಾವು ಖಚಿತವಾದ್ದರಿಂದ ಕೀಲಿಗಳನ್ನು ಮುಟ್ಟದೆ ಗಾಳಿಯಲ್ಲಿ ಬೆರಳಾಡಿಸುತ್ತಾರೆ. ಸಂಗೀತಗಾರನಿಂದ ಯುದ್ಧ ಕಿತ್ತುಕೊಳ್ಳುವುದೇನು ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸಿದ ದೃಶ್ಯವನ್ನು ನಾನು ಕಂಡಿಲ್ಲ. ಆದರೆ ಮುಂದೆ ಜರ್ಮನ್ ಅಧಿಕಾರಿಯ ಎದುರು ನುಡಿಸುವ ದೃಶ್ಯದಲ್ಲಿ ನನಗೊಂದು ತಕರಾರಿದೆ. ಶ್ಪಿಲ್ಮನ್ ನಿಜವಾಗಿ ನುಡಿಸಿದ್ದು ಪೋಲೆಂಡಿನ ಸಂಗೀತಕಾರ ಶೋಪೆನ್‌ನ ಚಿಕ್ಕದೊಂದು ನಾಕ್ಟರ್ನ್, ಅಂದರೆ ಶಾಂತವಾದ ಪಿಯಾನೊ ಕೃತಿ. ಚಿತ್ರ ಅದರ ಬದಲು ಹೆಚ್ಚು ರಭಸದ, ಹೆಚ್ಚು ಕೈಚಳಕದ ಅವನದೇ ಮೊದಲ ಬಲಾಡ್ ಎಂಬ ಕೃತಿಯನ್ನು ಇಟ್ಟಿದೆ. ಹಸಿದು, ಚಳಿಗೆ ಮರಗಟ್ಟಿದ ಬೆರಳುಗಳಿಗೆ ಆ ಚಿಕ್ಕ ಕೃತಿಯೇ ಹೊಂದುತ್ತಿತ್ತು. ಪ್ರಶ್ನೆ ಕೇಳಿದವರು ಅಂಜುವ ವೈಭವ ಕಾಳಗದ ದೃಶ್ಯಗಳಿಗೆ ಮಾತ್ರ ಸೀಮಿತವಲ್ಲ; ಬದುಕುಳಿದವನ ಮೌನವನ್ನೂ ಅದು ಸಂಗೀತ ಕಚೇರಿಯನ್ನಾಗಿ ಮಾಡಬಲ್ಲುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಕ್ವಾಯ್ ಮತ್ತು ಪಿಯಾನಿಸ್ಟ್ ಚಿತ್ರಗಳ ತುಣುಕುಗಳನ್ನು ಸೇರಿಸಿಕೊಳ್ಳುತ್ತೇನೆ. ಬಲಾಡ್ ವಿಚಾರದಲ್ಲಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ: ವರ್ಷಗಟ್ಟಲೆ ಅದುಮಿಟ್ಟ ಸಂಗೀತ ಒಮ್ಮೆಲೇ ಹೊರಬಂದರೆ ಅದು ರಭಸವಾಗಿಯೇ ಇದ್ದೀತು. ಈ ವಾದವನ್ನು ಸಭೆಯಲ್ಲೇ ಮುಂದುವರಿಸೋಣ. ಹಿಮ್ಮೇಳದವರು ಬಂದು ಒಂದೇ ಕಾಳಗದ ಪದ್ಯವನ್ನು ಮೊದಲು ಮದ್ದಳೆಯೊಂದರಲ್ಲೇ, ಆಮೇಲೆ ಚೆಂಡೆ ಸೇರಿಸಿ ಕೇಳಿಸಬಹುದೇ?

ಉತ್ತರ: ಹಿಮ್ಮೇಳದವ, ಬ್ರಹ್ಮಾವರ

ಧಾರಾಳವಾಗಿ ಬರುತ್ತೇವೆ. ಕೋಣೆ ಚಿಕ್ಕದಾಗಿದ್ದರೆ ಚೆಂಡೆಯನ್ನು ಹೊರಗಿನ ಜಗಲಿಯಲ್ಲಿಡಿ, ಇಲ್ಲವಾದರೆ ಪದ್ಯದ ಸಾಹಿತ್ಯ ಯಾರಿಗೂ ಕೇಳಿಸದು.